ಬಾವಲಿಯ ರಕ್ತ ಮತ್ತು ನಮ್ಮ ಭಯ

ಮೊನ್ನೆ ಗಣೇಶಗುಡಿಗೆ ಹೋಗಿದ್ದೆ. ಸಂಜೆ ಚಹಾದಂಗಡಿ ಮುಂದೆ ಕೂತಿದ್ದಾಗ ತಲೆ ಮೇಲೆ ಬಾವಲಿಗಳು ಹಾರತೊಡಗಿದವು. ಪಕ್ಕದಲ್ಲಿದ್ದವರು, "ಎಲ್ಲಾ ರೋಗ ಇವೇ ತರೋದ್ರಿ, ಗವಿಗೆ ಹೊಗೆ ಹಾಕಿ ಓಡಿಸಬೇಕು" ಅಂದರು. 2018ರ ನಿಫಾ, ಆಮೇಲೆ ಕೊರೊನಾ... ಬಾವಲಿಗೆ ಕೆಟ್ಟ ಹೆಸರು ಅಂಟಿಬಿಟ್ಟಿದೆ. "ರೇಬಿಸ್ ಕೂಡ ಇರ್ತದಂತೆ" ಅಂತ ಇನ್ನೊಬ್ಬರು ಸೇರಿಸಿದರು.

ಈ ಕೊನೆಯ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ನಾಗಾಲ್ಯಾಂಡಿನಲ್ಲಿ ಜನ ಬಾವಲಿ ಬೇಟೆಯಾಡುವ ಜಾಗಗಳಲ್ಲಿ ಒಂದು ಪರೀಕ್ಷೆ ನಡೀತು. ಅದರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳಿದ್ದರು. 2017ರಲ್ಲಿ ವರದಿ ಬಂತು. 164 ಬಾವಲಿಗಳ ಮೆದುಳು ನೋಡಿದರೆ ಒಂದರಲ್ಲೂ ರೇಬಿಸ್ ವೈರಸ್ ಇಲ್ಲ! ಆದರೆ 78 ರಕ್ತದ ಮಾದರಿಗಳಲ್ಲಿ 4ರಲ್ಲಿ ಅದನ್ನು ತಡೆಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಸಿಕ್ಕಿತು.

ಹಾಗಂದ್ರೆ ಏನು? ಆ ನಾಲ್ಕು ಬಾವಲಿಗಳು ಹಿಂದೆ ಯಾವತ್ತೋ ರೇಬಿಸ್ ವೈರಸ್ಸನ್ನೋ ಅದರ ದಾಯಾದಿ ವೈರಸ್ಸನ್ನೋ ಎದುರಿಸಿ ಬದುಕಿರಬೇಕು. ಯಾವುದು ಅಂತ ಈ ಪರೀಕ್ಷೆ ಹೇಳಲ್ಲ. ಮುಖದ ಮೇಲೆ ಹಳೇ ಸಿಡುಬಿನ ಕಲೆ ಇದ್ದವರನ್ನು ಕಂಡು ನಾವು ಓಡಿಹೋಗ್ತೀವಾ? ಇದೂ ಹಾಗೇ, ರಕ್ತದಲ್ಲಿ ಉಳಿದ ಕಲೆ.

ಹಾಗಂತ ಉಡಾಫೆಯೂ ಬೇಡ. ನಮ್ಮ ಆಲದ ಮರದಲ್ಲಿ ಜೋತುಬೀಳೋ ದೊಡ್ಡ ಬಾವಲಿಯ ಜಾತಿಯಲ್ಲೇ ಶ್ರೀಲಂಕಾದಲ್ಲಿ ಗನ್ನೋರುವ ಅನ್ನೋ ರೇಬಿಸ್ ದಾಯಾದಿ ಸಿಕ್ಕಿದೆ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಇಂಥದ್ದೇ ಇನ್ನೊಂದು ಪತ್ತೆಯಾಯ್ತು. 2025ರ ಜುಲೈವರೆಗೆ ಅದರಿಂದ ಸತ್ತವರು 4 ಜನ. ಅಲ್ಲಿ ಜನರಿಗೆ ಹೇಳೋದು ಒಂದೇ ಮಾತು: ಬಾವಲಿ ಮುಟ್ಟಬೇಡಿ. ನಮ್ಮ ದೇಶದಲ್ಲಂತೂ ಮನುಷ್ಯರಿಗೆ ರೇಬಿಸ್ ಬರೋದು ಬಹುಪಾಲು ನಾಯಿಯಿಂದಲೇ.

ನನ್ನ ಅಭಿಪ್ರಾಯ ಇಷ್ಟೆ. ಇಂಥ ಪರೀಕ್ಷೆ ನಮ್ಮ ಘಟ್ಟದ ಬಾವಲಿಗಳಿಗೂ ಆಗಲಿ. ಶಿವರಾತ್ರಿಗೆ ಜನ ಕವಳಾ ಗವಿಯೊಳಗೆ ತೆವಳಿಕೊಂಡು ಹೋಗ್ತಾರೆ, ಉಳವಿಯ ಗವಿಗಳಿಗೂ ಹೋಗ್ತಾರೆ. ಅವರಿಗೆ ತಿಳಿಯುವ ಹಕ್ಕಿದೆ. ಆದರೆ ಕೊಲ್ಲದೆ, ರೆಕ್ಕೆಯ ನರದಿಂದ ಹನಿ ರಕ್ತ ತೆಗೆದು ಹಾರಲು ಬಿಡಬೇಕು. ಫಲಿತಾಂಶವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿ ಸುಮ್ಮನಾಗದೆ ಊರಿನವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ "ಪಾಸಿಟಿವ್" ಅನ್ನೋ ಒಂದು ಪದ ಸಾಕು, ಗವಿಗೆ ಬೆಂಕಿ ಬೀಳುತ್ತೆ.

ಬಿದ್ದರೆ ನಷ್ಟ ಸಣ್ಣದಲ್ಲ. ಇಲ್ಲಿಗೆ ತುಂಬಾ ದೂರವೇನಲ್ಲದ ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಗವಿ ಇದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ ಬಾವಲಿಯ ನೆಲೆ ಅದು. ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಕಂಡಿರೋ ಜೀವಿ. ಒಂದು ಹೊಗೆ ಸಾಕು...

"ಹಾಗಾದ್ರೆ ಪರೀಕ್ಷೆನೇ ಬೇಡ, ಸುಮ್ನೆ ಭಯ ಯಾಕೆ" ಅನ್ನೋರೂ ಇದ್ದಾರೆ. ಆದರೆ ಚಹಾದಂಗಡಿಯಲ್ಲಿ ಪರೀಕ್ಷೆ ಇಲ್ಲದೇನೇ ತೀರ್ಪು ಆಗಿತ್ತಲ್ಲ!

ಅಲ್ಲೀವರೆಗೆ, ಬಿದ್ದ ಬಾವಲಿಯನ್ನು ಬರಿಗೈಲಿ ಎತ್ತಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಲಸಿಕೆ ಕೇಳಿ. ಗವಿಯನ್ನು ಅದರ ಪಾಡಿಗೆ ಬಿಡಿ.

ನಿಮಗೇನನ್ನಿಸುತ್ತೆ?