ಶೀರ್ಷಿಕೆಯ ಜೊತೆಗಿದ್ದ ಒಂದು ಸಾಲು

ಹಳೆಯ ಭಯಾನಕ ಚಿತ್ರಗಳ ಮಾತು ಬಂದಾಗ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಬಗ್ಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಅದರಲ್ಲಿ ಹರಿಯುವುದು ರಕ್ತವಲ್ಲ, ಚಾಕೊಲೇಟ್ ಸಿರಪ್ಪು. ನಿಜ. ಅಮೆರಿಕದ ಮಕ್ಕಳು ಹಾಲಿಗೆ ಬೆರೆಸಿಕೊಳ್ಳುವ ಬಾಸ್ಕೊ ಸಿರಪ್ಪು ಅದು. ಕಪ್ಪು-ಬಿಳುಪಿನಲ್ಲಿ ರಕ್ತದಂತೆಯೇ ಕಾಣುತ್ತದೆ. ಎದ್ದು ಬಂದ ಹೆಣಗಳು ಕಚ್ಚಿ ಎಳೆಯುವ ಕರುಳುಗಳು ಮಾತ್ರ ಸಾಚಾ ಪ್ರಾಣಿಗಳವು. ಮಾಂಸದಂಗಡಿ ನಡೆಸುತ್ತಿದ್ದ ತಂಡದವರೊಬ್ಬರು ತಂದುಕೊಟ್ಟವು. ಇಂಥ ತೆರೆಮರೆಯ ಸಂಗತಿಗಳನ್ನು ಊಟದ ಮೇಲಿನ ಎಲೆಯಡಿಕೆಯ ಹಾಗೆ ಮೆದ್ದು ಮರೆಯುವುದು ರೂಢಿ. ಈ ಚಿತ್ರದ ಮಟ್ಟಿಗೆ ಹಾಗೆ ಮರೆಯಲು ನನಗೆ ಮನಸ್ಸಿಲ್ಲ. ಸಿನಿಮಾ ಕುರಿತ ಈ ಸಂಚಿಕೆಗೆ ಲೇಖನಗಳನ್ನು ಓದುತ್ತಿದ್ದಷ್ಟು ದಿನವೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

1967. ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು. ಹಾಲಿವುಡ್ಡಿಗೂ ಅದಕ್ಕೂ ಅರ್ಧ ಖಂಡಕ್ಕಿಂತ ಹೆಚ್ಚು ದೂರ. ಅಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದ ಜಾರ್ಜ್ ರೊಮೆರೊ, ರಸೆಲ್ ಸ್ಟ್ರೈನರ್, ಜಾನ್ ರುಸ್ಸೊ ಮತ್ತು ಅವರ ಗೆಳೆಯರು, ಒಟ್ಟು ಹತ್ತು ಜನ, ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಕಂಪನಿ ಕಟ್ಟಿದರು. ಆಮೇಲೆ ಅವರಿವರಿಂದ ಕೂಡಿಸಿದ್ದೆಲ್ಲ ಸೇರಿ ಚಿತ್ರದ ಖರ್ಚು ಸುಮಾರು 1,14,000 ಡಾಲರ್. ಇವಾನ್ಸ್ ಸಿಟಿಯ ಹತ್ತಿರ ಕೆಡವಲು ಬಿಟ್ಟಿದ್ದ ಒಂದು ಹಳ್ಳಿಮನೆ ಬಾಡಿಗೆಗೆ ಸಿಕ್ಕಿತು. ಹೇಗೂ ಬೀಳುವ ಮನೆ. ಬಾಗಿಲಿಗೆ ಹಲಗೆ ಹೊಡೆಯಬಹುದು, ಕಿಟಕಿ ಒಡೆಯಬಹುದು, ಯಾರೂ ಕೇಳುವವರಿಲ್ಲ. ನಲ್ಲಿ ನೀರಿರಲಿಲ್ಲ, ಆದರೂ ತಂಡದ ಕೆಲವರು ಅಲ್ಲೇ ಮಲಗುತ್ತಿದ್ದರು. ನೆಲಮಾಳಿಗೆಯ ದೃಶ್ಯಗಳನ್ನು ಪಿಟ್ಸ್‌ಬರ್ಗಿನಲ್ಲಿ ತಮ್ಮ ಕಚೇರಿಯ ಕಟ್ಟಡದ ನೆಲಮಾಳಿಗೆಯಲ್ಲೇ ತೆಗೆದರು.

ಮೊದಲ ದೃಶ್ಯದ ಕಾರು ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣ ನಡೆದಿರುವಾಗಲೇ ಅದಕ್ಕೆ ಯಾರೋ ಗುದ್ದಿ ತಗ್ಗು ಬಿತ್ತು. ನಿರ್ದೇಶಕ ರೊಮೆರೊ ದೃಶ್ಯವನ್ನೇ ತಿದ್ದಿ, ಕಾರು ಮರಕ್ಕೆ ಉಜ್ಜಿಕೊಂಡು ನಿಲ್ಲುವಂತೆ ಮಾಡಿದರು. ಸೋದರಿಯನ್ನು ಸ್ಮಶಾನದಲ್ಲಿ ಹೆದರಿಸುವ ಅಣ್ಣನ ಪಾತ್ರ ಸ್ವತಃ ಸ್ಟ್ರೈನರ್ ಅವರದೇ. ಧ್ವನಿ ಸ್ಟುಡಿಯೊ ನಡೆಸುತ್ತಿದ್ದ ಕಾರ್ಲ್ ಹಾರ್ಡ್‌ಮನ್ ಮತ್ತು ಮೆರಿಲಿನ್ ಈಸ್ಟ್‌ಮನ್ ನೆಲಮಾಳಿಗೆಯಲ್ಲಿ ಅವಿತುಕೊಳ್ಳುವ ಕೂಪರ್ ದಂಪತಿಯಾದರು, ಮೇಕಪ್ಪಿಗೂ ಕೈಹಚ್ಚಿದರು. ಸತ್ತು ಎದ್ದು ತಂದೆಯ ಮಾಂಸ ತಿನ್ನುವ, ತಾಯಿಯನ್ನು ಕರಣೆಯಿಂದ ಇರಿಯುವ ಹುಡುಗಿ ಹಾರ್ಡ್‌ಮನ್ ಅವರ ಸ್ವಂತ ಮಗಳು ಕೈರಾ. ವರದಿಗಾರನಾಗಿ ಬರುವ ಬಿಲ್ ಕಾರ್ಡಿಲ್ ಆ ಊರಿನ ಟಿವಿಯಲ್ಲಿ ಎಲ್ಲರಿಗೂ ಪರಿಚಿತವಾಗಿದ್ದ ಮುಖ. ಸಂಗೀತಕ್ಕೆ ಹಣವಿಲ್ಲದೆ ಸಿದ್ಧ ಸಂಗೀತದ ಸಂಗ್ರಹದಿಂದಲೇ ತುಣುಕುಗಳನ್ನು ಆಯ್ದುಕೊಂಡರು. ನೋಡುವಾಗ ಈ ಚಿತ್ರ ಸುದ್ದಿಚಿತ್ರದ ಹಾಗೆ, ನಮ್ಮ ಪಕ್ಕದ ಬೀದಿಯಲ್ಲೇ ನಡೆದದ್ದರ ಹಾಗೆ ಅನ್ನಿಸುವುದಕ್ಕೆ ಕಾರಣ ಈ ಬಡತನವೇ. ಮನೆ, ಕಾರು, ಮುಖ ಎಲ್ಲವೂ ನಿಜಕ್ಕೂ ಯಾರದೋ ಬದುಕಿನಿಂದ ಎದ್ದು ಬಂದವು.

ಇಷ್ಟು ಜನ ಕೈಯಾರೆ ಕಟ್ಟಿದ್ದು ಅವರ ಕೈ ತಪ್ಪಿದ ಬಗೆ ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಚಿತ್ರಕ್ಕೆ ಅವರು ಇಟ್ಟಿದ್ದ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ವಿತರಣೆಗೆ ಒಪ್ಪಿಕೊಂಡ ವಾಲ್ಟರ್ ರೀಡ್ ಸಂಸ್ಥೆ ಆ ಹೆಸರನ್ನು ಬದಲಿಸಿತು. ಹಕ್ಕುಸ್ವಾಮ್ಯದ ಸಾಲು ಇದ್ದದ್ದು ಹಳೆಯ ಶೀರ್ಷಿಕೆಯ ಜೊತೆಗೇ. ಹೊಸ ಶೀರ್ಷಿಕೆ ಹಾಕಿದವರು ಆ ಸಾಲನ್ನು ಮತ್ತೆ ಸೇರಿಸಲಿಲ್ಲ. ಪ್ರಕಟವಾದ ಪ್ರತಿಯ ಮೇಲೆ ಆ ಸೂಚನೆ ಇಲ್ಲದಿದ್ದರೆ ಕೃತಿ ಸಾರ್ವಜನಿಕರ ಸ್ವತ್ತು ಎಂಬುದು ಅಮೆರಿಕದ ಅಂದಿನ ಕಾನೂನು. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನ ಫುಲ್ಟನ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ ಹೀಗೆ ಒಡೆಯರಿಲ್ಲದ್ದಾಯಿತು. ಯಾರು ಬೇಕಾದರೂ ಪ್ರಿಂಟು ತೆಗೆದರು, ವಿಡಿಯೊ ಕ್ಯಾಸೆಟ್ ಮಾಡಿದರು, ಮಾರಿದರು. ಊರೂರಿಗೆ, ದೇಶದೇಶಕ್ಕೆ ಅದು ಹಬ್ಬಿದ್ದು ಹಾಗೆಯೇ ಎನ್ನುವವರಿದ್ದಾರೆ. ಇರಬಹುದು. ಹಾಗೆಂದು ತಾಯಿಯ ಕಾರು ಕೊಟ್ಟವರಿಗೆ, ನೀರಿಲ್ಲದ ಮನೆಯಲ್ಲಿ ಮಲಗಿದವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದು ಸಣ್ಣದಾಗುವುದಿಲ್ಲ.

ಇನ್ನು ನಾಯಕನ ಪಾತ್ರ ಮಾಡಿದ ಕಪ್ಪು ನಟ ಡ್ವೇನ್ ಜೋನ್ಸ್. ಸಿರಪ್ಪಿನ ಕತೆ ಹೇಳುವವರು ಇವರ ಹೆಸರನ್ನು ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಚಿತ್ರದ ಬೆನ್ನೆಲುಬು ಇವರೇ. ನಾಯಕ ಬೆನ್‌ನನ್ನು ಚಿತ್ರಕತೆಯಲ್ಲಿ ಒರಟು ಮಾತಿನ ಲಾರಿ ಚಾಲಕ ಎಂದು ಬರೆಯಲಾಗಿತ್ತು. ಅವನ ಬಣ್ಣದ ಪ್ರಸ್ತಾಪ ಇರಲಿಲ್ಲ. ಪಾತ್ರಪರೀಕ್ಷೆಯಲ್ಲಿ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದರಿಂದ ಅವರನ್ನೇ ಆರಿಸಿದೆವು ಎಂದು ರೊಮೆರೊ ಕೊನೆಯವರೆಗೂ ಹೇಳುತ್ತಿದ್ದರು. ಓದಿಕೊಂಡಿದ್ದ, ರಂಗಭೂಮಿ ಬಲ್ಲ ಜೋನ್ಸ್ ಆ ಒರಟು ಮಾತನ್ನು ಒಪ್ಪಲಿಲ್ಲ. ತಮ್ಮ ಸಂಭಾಷಣೆಯನ್ನು ತಾವೇ ತಿದ್ದಿಕೊಂಡರು. ಈಗ ನಾವು ಕಾಣುವ ಬೆನ್ ಅಳೆದು ಮಾತಾಡುತ್ತಾನೆ, ಹಲಗೆ ಹೊಡೆಯುತ್ತಲೇ ಯೋಚಿಸುತ್ತಾನೆ, ಎದುರಿನ ಬಿಳಿಯ ಗಂಡಸಿಗೆ ತಲೆಬಾಗುವುದಿಲ್ಲ. ಕಥೆಯಲ್ಲಿ ಯಾರೂ ಅವನ ಬಣ್ಣದ ಮಾತೆತ್ತುವುದಿಲ್ಲ. ಆದರೆ ಚಿತ್ರೀಕರಣ ನಡೆದದ್ದು ನ್ಯೂಅರ್ಕ್, ಡೆಟ್ರಾಯಿಟ್ ನಗರಗಳು ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದ ವರ್ಷ. ಕಪ್ಪು ಗಂಡಸು ಬಿಳಿಯ ಹೆಣ್ಣಿನ ಕೆನ್ನೆಗೆ ಹೊಡೆಯುವ ದೃಶ್ಯ ತೆರೆಯ ಮೇಲೆ ಏನಾದೀತು ಎಂದು ತಂಡದಲ್ಲಿ ಮೊದಲು ಚಿಂತಿಸಿದವರು ಜೋನ್ಸ್. ಅದನ್ನು ಎಲ್ಲರಿಗಿಂತ ಮೊದಲು ಬಲ್ಲವರು ಅವರೇ ಆಗಿದ್ದರು.

ಇಡೀ ರಾತ್ರಿ ಹೆಣಗಳೊಂದಿಗೆ ಹೋರಾಡಿ ಉಳಿದ ಬೆನ್‌ನನ್ನು ಬೆಳಗಾದ ಮೇಲೆ ಬಂದ ಬಂದೂಕಿನ ಗುಂಪು, ಹೆಣವೆಂದೇ ಬಗೆದು, ಗುಂಡಿಟ್ಟು ಕೊಲ್ಲುತ್ತದೆ. ಮುಂದಿನದು ಚಲಿಸುವ ಚಿತ್ರವಲ್ಲ. ಅವನ ದೇಹವನ್ನು ಮಾಂಸದ ಕೊಕ್ಕೆಗಳಿಂದ ಎಳೆದೊಯ್ಯುವ ಸ್ಥಿರಚಿತ್ರಗಳು, ಪತ್ರಿಕೆಯ ಫೋಟೊಗಳ ಹಾಗೆ ಒರಟು ಕಣಕಣ. ಅವನ್ನು ತೆಗೆದವರು ಹಾರ್ಡ್‌ಮನ್. 1968ರ ಏಪ್ರಿಲ್ 4ರ ರಾತ್ರಿ ಚಿತ್ರದ ಪ್ರಿಂಟನ್ನು ಡಿಕ್ಕಿಯಲ್ಲಿಟ್ಟುಕೊಂಡು ವಿತರಕರನ್ನು ಹುಡುಕಲು ನ್ಯೂಯಾರ್ಕಿಗೆ ಹೊರಟಿದ್ದ ರೊಮೆರೊ ಮತ್ತು ಸಂಗಡಿಗರು, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ಸುದ್ದಿಯನ್ನು ಕಾರಿನ ರೇಡಿಯೊದಲ್ಲಿ ಕೇಳಿದರು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ವಿತರಣಾ ಸಂಸ್ಥೆ ಇಷ್ಟು ನಿರಾಶೆಯ ಅಂತ್ಯ ಬೇಡ ಎಂದಿತು. ತಂಡ ಅಂತ್ಯವನ್ನು ಬದಲಿಸಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಆ ಹೊತ್ತಿನಲ್ಲಿ ಹಿಡಿದ ಹಟ ಅದು, ಅದಕ್ಕೆ ನಾನು ತಲೆಬಾಗುತ್ತೇನೆ.

ಜೋನ್ಸ್ ಮುಂದೆ ಪಾಠ ಹೇಳಿದರು, ನಾಟಕ ಆಡಿಸಿದರು, 1988ರಲ್ಲಿ ತೀರಿಕೊಂಡರು. 1999ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಿತು. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಮೂಲ ನೆಗೆಟಿವ್‌ನಿಂದಲೇ ಅದನ್ನು ಹಸನುಗೊಳಿಸಿದವು. ಅಂತರಜಾಲದಲ್ಲಿ ಮಸುಕಾದ ನಕಲುಗಳು ಬೇಕಾದಷ್ಟಿವೆ. ನೋಡುವವರು ದಯವಿಟ್ಟು ಈ ಹೊಸ ಪ್ರತಿಯನ್ನು ಹುಡುಕಿ ನೋಡಿ. ನಕಲುಗಳಲ್ಲಿ ಕತ್ತಲಾಗಿ ಹೋಗಿದ್ದ ಜೋನ್ಸ್ ಅವರ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.