ಕಲ್ಲಿಗೆ ಮಾರ್ಕ್ಸ್ ಇಲ್ಲ

ಬಳ್ಳಾರಿಯ ಗುಡ್ಡಗಳನ್ನು ಲಾರಿಗೆ ತುಂಬಿ ಬಂದರಿಗೆ ಸಾಗಿಸಿದ ನಾಡು ಇದು. ಕೋಲಾರದಲ್ಲಿ ಮೂರು ಕಿಲೋಮೀಟರ್ ಆಳದವರೆಗೆ ಚಿನ್ನ ಬಗೆದು, 2001ರಲ್ಲಿ ಗಣಿಗೆ ಬೀಗ ಜಡಿದು, ಸೈನೈಡ್ ದಿಬ್ಬದ ದೂಳನ್ನು ಕಾರ್ಮಿಕರ ಮೂಗಿಗೆ ಬಿಟ್ಟ ನೆಲ. ಇಲ್ಲಿ ಹುಟ್ಟಿದ ಮಗುವಿಗೆ ಶಾಲೆಯಲ್ಲಿ ಕಲ್ಲು ಮುಟ್ಟಿ ನೋಡಲು ಒಂದು ಪೀರಿಯಡ್ ಇಲ್ಲ!

ಕಲ್ಲು, ಮಣ್ಣು, ಭೂಕಂಪದ ಪಾಠಗಳನ್ನು ಹೆಚ್ಚಾಗಿ ಸಮಾಜ ವಿಜ್ಞಾನದ ಪುಸ್ತಕಕ್ಕೆ ತುರುಕಿದ್ದಾರೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ: ಉರು ಹೊಡೆ, ಬರೆ, ಮರೆ. ಪ್ರಯೋಗಾಲಯವೇನಿದ್ದರೂ ಡಾಕ್ಟರ್, ಎಂಜಿನಿಯರ್ ಸೀಟು ತರುವ ವಿಷಯಗಳಿಗೆ. ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಇದೆ. ಕಲಿಸುವ ಕಾಲೇಜನ್ನು ದುರ್ಬೀನು ಹಾಕಿ ಹುಡುಕಿ. ಹೈಸ್ಕೂಲಿಗೆ ಬೇಕಾದವರು ಭೌತ-ರಸಾಯನ-ಗಣಿತ ಓದಿದ ಪಿಸಿಎಂ ಮೇಷ್ಟ್ರು, ರಸಾಯನ-ಸಸ್ಯ-ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಮೇಷ್ಟ್ರು. ಭೂವಿಜ್ಞಾನ ಓದಿದವಳು? ಗಣಿ ಕಂಪನಿಯ ಬಾಗಿಲು ಕಾಯಲಿ.

ಕಲ್ಲು-ಮಣ್ಣಿನ ಲ್ಯಾಬಿಗೆ ದುಡ್ಡಿಲ್ಲ ಅನ್ನುತ್ತಾರೆ. ಸುಳ್ಳು. ಕಲಬುರಗಿ ಸೀಮೆಯಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ರಸಾಯನಶಾಸ್ತ್ರದ ಕಪಾಟಿನಲ್ಲಿರುವ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿಯನ್ನು ಅದರ ಚೂರಿನ ಮೇಲೆ ಬಿಡಿ, ಬುಸಬುಸನೆ ನೊರೆ ಏಳುತ್ತದೆ. ಗ್ರಾನೈಟ್ ಚೂರಿಗೆ ಬಿಡಿ, ಸುಮ್ಮನಿರುತ್ತದೆ. ಸಂಡೂರಿನ ಕಬ್ಬಿಣದ ಅದಿರು ನೋಡಲು ಕಪ್ಪಗಿದ್ದರೂ, ಒಡೆದ ಟೈಲ್ಸಿನ ಹೊಳಪಿಲ್ಲದ ಬೆನ್ನಿಗೆ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ಇದಕ್ಕೆ ಯಾವ ಟೆಂಡರ್ ಬೇಕು? ಉಳಿ ಎಲ್ಲಿಟ್ಟರೆ ಬಂಡೆ ಸೀಳುತ್ತದೆಂದು ಕಲ್ಲು ಒಡೆಯುವವರ ಮಕ್ಕಳು ಮನೆಯಲ್ಲೇ ಕಲಿತಿರುತ್ತಾರೆ. ಇಂಥ ಲ್ಯಾಬಿನಲ್ಲಿ ಅವರೇ ಮೊದಲಿಗರಾಗಿಬಿಡುತ್ತಾರೆ. (ಕೆಲವರಿಗೆ ಅದೇ ನುಂಗಲಾರದ ತುತ್ತೇನೋ.)

ಈ ಅಜ್ಞಾನದಿಂದ ಲಾಭ ಯಾರಿಗೆ? ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ‘ಇಲ್ಲೇ ನೀರು’ ಅನ್ನುವವನಿಗೆ. ಅವನ ಮಾತು ಹಿಡಿದು ಸಾವಿರ ಅಡಿ ಕೊರೆದು ಬಿಲ್ಲು ಚಾಚುವ ಬೋರ್‌ವೆಲ್ ಲಾರಿ ಮಾಲೀಕನಿಗೆ. ಗಟ್ಟಿ ಬಂಡೆಯ ನೆಲದಲ್ಲಿ ನೀರು ನಿಲ್ಲುವುದು ಬಿರುಕಲ್ಲಿ, ಶಿಥಿಲವಾದ ಪದರದಲ್ಲಿ. ಕೆಳಗೆ ಯಾವ ಗುಪ್ತಗಂಗೆಯೂ ಹರಿಯುತ್ತಿಲ್ಲ ಎಂದು ರೈತನ ಮಗಳಿಗೆ ಗೊತ್ತಾದರೆ ಇವರ ಬೇಳೆ ಬೇಯುವುದಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯ ಸಂಸಾರವನ್ನೇ ನುಂಗಿತು. ಎಲ್ಲವನ್ನೂ ಮಳೆಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಬುಡ ಕಡಿದ ಗುಡ್ಡದ ಮಣ್ಣು ನೀರು ಕುಡಿದರೆ ಏನಾಗುತ್ತದೆಂದು ಒಂದು ತಗಡಿನ ಟ್ರೇ, ಒಂದು ಬುಟ್ಟಿ ಮಣ್ಣು, ಒಂದು ಚೊಂಬು ನೀರಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳೇ ಮಾಡಿ ತೋರಿಸಬಲ್ಲರು. ತೋರಿಸಿದ ಮಕ್ಕಳು ನಾಳೆ ರಸ್ತೆ ಕೆಲಸದವರ ಎದುರು ನಿಂತು ಪ್ರಶ್ನೆ ಕೇಳುತ್ತಾರೆ. ಭಯ ಇರುವುದು ಅಲ್ಲೇ.

ಇನ್ನೊಂದು ತಜ್ಞರ ಸಮಿತಿ ಬೇಡ ಸ್ವಾಮಿ. ಕಲ್ಲು, ಮಣ್ಣು, ನೀರನ್ನು ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ತನ್ನಿ, ಅಂಕ ಕೊಡಿ. ಭೂವಿಜ್ಞಾನ ಪದವೀಧರರನ್ನು ಹೈಸ್ಕೂಲಿಗೆ ನೇಮಿಸಿ. ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಶಿಕ್ಷಣಕ್ಕೆ ಖರ್ಚು ಮಾಡಿ ಎಂದು ಅದರ ನಿಯಮವೇ ಹೇಳುತ್ತದೆ. ಆ ಹಣದಲ್ಲಿ ಮೊದಲು ಸಂಡೂರಿನ ಶಾಲೆಗಳಿಗೆ ಸುತ್ತಿಗೆ, ಭೂತಗನ್ನಡಿ ಕೊಡಿಸಿ.