ಕುಂಬಾರನ ಕಪ್ಪು–ಕೆಂಪು

ಎಣ್ಣೆ, ದ್ರಾಕ್ಷಾರಸಗಳನ್ನು ತುಂಬುವ ಎರಡು ಹಿಡಿಗಳ ಆಂಫೊರಾ, ನೀರು ತರುವ ಮೂರು ಹಿಡಿಗಳ ಹೈಡ್ರಿಯಾ ಮೊದಲಾದ ಪ್ರಾಚೀನ ಗ್ರೀಕ್ ಮೃತ್ಪಾತ್ರೆಗಳಿಗೆ ಜಗತ್ತು ಸಲ್ಲಿಸಿರುವ ಗೌರವವು ಉಚಿತವಾದುದೇ. ಆದರೆ ಆವಿಗೆಯೊಳಗಿನ ಗಾಳಿಯನ್ನು ವಶಪಡಿಸಿಕೊಂಡು ಒಂದೇ ಮಣ್ಣಿನಿಂದ ಕಪ್ಪನ್ನೂ ಕೆಂಪನ್ನೂ ಹೊರಡಿಸುವ ವಿದ್ಯೆಯು ಗ್ರೀಕರೊಬ್ಬರ ಸೊತ್ತಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಯಿಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳಿಂದ ಹೊರಬಂದ ಪಾತ್ರೆಗಳಲ್ಲಿ, ಒಳಮೈಯೂ ಬಾಯಂಚೂ ಕಾಡಿಗೆಯಂತೆ ಕಪ್ಪಾಗಿ, ಹೊರಮೈ ಕೆಂಪೇರಿ ಹೊಳೆಯುವ ಬಟ್ಟಲುಗಳು ಹಲವಿದ್ದುವು. ಗ್ರೀಕನು ದೇವತೆಗಳನ್ನೂ ವೀರರನ್ನೂ ಚಿತ್ರಿಸಿದನು. ನಮ್ಮವನು ಚಿತ್ರವನ್ನು ಬಿಟ್ಟು ನುಣುಪನ್ನೂ ವರ್ಣವನ್ನೂ ಆರಾಧಿಸಿದನು. ಇದು ಕೊರತೆಯಲ್ಲ, ಬೇರೊಂದು ಅಭಿರುಚಿಯೆಂದೇ ನನ್ನ ಮತ.

ನಮ್ಮ ಬೆಂಗಳೂರಿನ ಸುತ್ತಲಿನ ನೆಲವೂ ಇಂಥ ಪ್ರಾಚೀನ ಕುರುಹುಗಳಿಗೆ ಹೊರತಲ್ಲ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವು. ಯಲಹಂಕದ ಆಚೆಯ ಚಿಕ್ಕಜಾಲವಂತೂ ಶಿಲಾಸಮಾಧಿಗಳ ನೆಲ. ನಾಣ್ಯ ಸಿಕ್ಕಿದರೆ ಊರೇ ನೆರೆಯುವುದು. ಬೋಕಿ ಸಿಕ್ಕಿದರೆ ಮಣ್ಣಿನ ರಾಶಿಗೆ ಎಸೆಯುವರು. ಕಾಲನಿರ್ಣಯಕ್ಕೆ ಆ ಬೋಕಿಯೂ ಬಹುಮೂಲ್ಯವಾದ ಸಾಕ್ಷಿಯಾದುದರಿಂದ, ಹೆಬ್ಬಾಳದಿಂದ ಯಲಹಂಕದವರೆಗೆ ತಳಪಾಯ ತೋಡಿಸುವ ಮಹನೀಯರೆಲ್ಲರೂ, ಕಪ್ಪು–ಕೆಂಪಿನ ಚೂರೊಂದು ಕಂಡೊಡನೆ ಅಗೆತವನ್ನು ನಿಲ್ಲಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.